ಕಾರಿನ ತಲೆಯ ಮೇಲೆ ಅಪ್ಪನ ದೋಣಿ

ತಪ್ಪು ನನ್ನದೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಬೇರೆಯವರನ್ನು ಬೈಯಲು ಅನುಕೂಲವಾಗುತ್ತದೆ.

ಅಪ್ಪನ ಎಪ್ಪತ್ತೈದನೇ ಹುಟ್ಟುಹಬ್ಬದ ದಿನ ಚೆಂಬೂರಿನ ನಮ್ಮ ಮನೆಯ ಹಾಲ್‌ನಲ್ಲಿ ನೆಂಟರು ಮೊಣಕೈಗೆ ಮೊಣಕೈ ತಾಗಿಸಿ ಕುಳಿತಿದ್ದರು. ಅಪ್ಪ ಎಂದಿನ ಕತೆ ಶುರು ಮಾಡಿದರು. ಮುಂಬಯಿಗೆ ಬಂದು ಹೋಟೆಲಿನ ಅಡುಗೆಮನೆ ಸೇರುವ ಮೊದಲು ಊರಿನ ಕಡವಿನಲ್ಲಿ ತಾನು ದೋಣಿ ನಡೆಸುತ್ತಿದ್ದದ್ದು, ಆಟಿ ತಿಂಗಳ ನೆರೆಯಲ್ಲಿ ಹೆರಿಗೆ ನೋವಿನ ಹೆಂಗಸೊಬ್ಬಳನ್ನು ಹುಟ್ಟು ಹಾಕಿ ಆಚೆ ದಡ ಮುಟ್ಟಿಸಿದ್ದು. ನಾನು ಇದನ್ನು ಎಷ್ಟು ಸಲ ಕೇಳಿದ್ದೆನೆಂದರೆ, ನೆರೆ ನೀರು ದೇವಸ್ಥಾನದ ಎಷ್ಟು ಮೆಟ್ಟಿಲು ಏರಿತ್ತು ಎಂಬುದನ್ನು ಅವರಿಗಿಂತ ಮೊದಲೇ ಹೇಳಬಲ್ಲೆ. ನನ್ನ ಬಾಲ್ಯದಲ್ಲಿ ನಾಲ್ಕು ಮೆಟ್ಟಿಲು ಏರುತ್ತಿತ್ತು. ಆ ದಿನ ಒಂಬತ್ತು ಏರಿತು.

ನನಗೆ ಸಿಟ್ಟು ಬೇಗ ಬರುತ್ತದೆ, ಬಾಯಿ ಅದಕ್ಕಿಂತ ಬೇಗ ಓಡುತ್ತದೆ. "ಅಪ್ಪ, ನೀವು ದೋಣಿ ನಡೆಸಿದ್ದನ್ನು ನೋಡಿದವರು ಯಾರಾದ್ರೂ ಇದ್ದಾರಾ?" ಎಂದುಬಿಟ್ಟೆ. ನೆಂಟರೆಲ್ಲ ಹೊಟ್ಟೆ ಹಿಡಿದು ನಕ್ಕರು. ಅಪ್ಪ ನಗಲಿಲ್ಲ. ಕೈಯಲ್ಲಿದ್ದ ಕೇಕಿನ ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು ಬಾಲ್ಕನಿಗೆ ಹೋಗಿ ನಿಂತರು. ಅಮ್ಮ ನನ್ನನ್ನು ನೋಡಿದ ನೋಟ ಈಗಲೂ ನನಗೆ ನೆನಪಿದೆ. ಅವರು ಖಾಲಿ ಲೋಟಗಳನ್ನು ಒಟ್ಟುಮಾಡಿಕೊಂಡು ಒಳಗೆ ಹೋದರು.

ಮರುದಿನ ಬಿಲ್ಡಿಂಗಿನ ಟೆರೇಸಿಗೆ ಪ್ಲೈವುಡ್ ಬಂತು.

ಒಂದೂವರೆ ವರ್ಷ ಅಪ್ಪ ಟೆರೇಸಿನಲ್ಲಿ ದೋಣಿ ಕಟ್ಟಿದರು. ಹನ್ನೆರಡು ಅಡಿ ಉದ್ದ, ಇಬ್ಬರು ಕೂರುವಷ್ಟು ಅಗಲ, ಎರಡೂ ತುದಿ ಚೂಪು, ಜೊತೆಗೊಂದು ಹುಟ್ಟು. ನೋಡಲು ಚೆನ್ನಾಗಿಯೇ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅವರಿಗೊಂದು ಹಟವಿತ್ತು. ಹೊಸ ದೋಣಿಯನ್ನು ನೀರು ಕಾಣುವ ಮೊದಲು ಮಗುಚಬಾರದು, ಮಗುಚಿದರೆ ಅದು ನೀರಿನಲ್ಲೂ ಮಗುಚುತ್ತದೆ, ಇದು ಅವರ ಊರಿನ ಕಡವಿನ ಕಟ್ಟಳೆಯಂತೆ. ಹಾಗಾಗಿ ದೋಣಿಯ ತಳಕ್ಕೆ ಬಣ್ಣ ಬಳಿಯಬೇಕಾದಾಗ ಅದನ್ನು ನಾಲ್ಕು ಪ್ಲಾಸ್ಟಿಕ್ ಸ್ಟೂಲುಗಳ ಮೇಲಿಟ್ಟು, ತಾನು ಕೆಳಗೆ ಗ್ಯಾರೇಜಿನ ಮೆಕ್ಯಾನಿಕ್‌ನಂತೆ ಅಂಗಾತ ಮಲಗಿ ಬಳಿದರು. ಸಂದುಗಳಿಗೆ ಮೆತ್ತಬೇಕಾದ ಅಂಟಿನಲ್ಲಿ ಅರ್ಧ ಅವರ ಹುಬ್ಬಿಗೆ ಮೆತ್ತಿಕೊಂಡಿತು. ಮಗುಚಿ ಹಾಕಿದರೆ ಹತ್ತು ನಿಮಿಷದ ಕೆಲಸ ಎಂದು ನಾನು ಹೇಳಿದ್ದಕ್ಕೆ, "ನಿನಗೆ ದೋಣಿಯ ವಿಷಯ ಎಂತ ಗೊತ್ತುಂಟು?" ಎಂದರು. ಅದು ನಿಜವಾದ್ದರಿಂದ ಬಾಯಿ ಮುಚ್ಚಿಕೊಂಡೆ.

ಅಕ್ಟೋಬರಿನಲ್ಲಿ ಸೊಸೈಟಿಯ ಸೆಕ್ರೆಟರಿ ನೋಟಿಸ್ ಅಂಟಿಸಿದರು. ಟೆರೇಸಿಗೆ ವಾಟರ್‌ಪ್ರೂಫಿಂಗ್ ಆಗಬೇಕು, ಸೋಮವಾರದೊಳಗೆ ದೋಣಿ ಇಳಿಯಬೇಕು. ಅಪ್ಪ ಕನ್ನಡಕ ಏರಿಸಿ ನೋಟಿಸನ್ನು ಎರಡು ಸಲ ಓದಿ, ಭಾನುವಾರ ಎಂದು ತೀರ್ಮಾನ ಕೊಟ್ಟರು. ವರ್ಸೋವಾದ ಖಾಡಿಯಲ್ಲಿ, ಅಂದರೆ ಸಮುದ್ರದ ಹಿನ್ನೀರಿನಲ್ಲಿ, ಬೆಸ್ತರ ಕೇರಿ ಕೋಳಿವಾಡದ ಪಕ್ಕ, ನೀರು ಸಪಾಟಾಗಿರುವಲ್ಲಿ ಅಮ್ಮನನ್ನು ಕೂರಿಸಿಕೊಂಡು ಆಚೆ ದಡ ಮುಟ್ಟಿ ವಾಪಸು ಬರುವುದು. "ನೋಡಿದವರು ಇಲ್ಲ ಅಂದೆಯಲ್ಲ. ನೀನೇ ನೋಡು," ಎಂದರು. ಒಂದೂವರೆ ವರ್ಷದ ನಂತರ ಅದೇ ಮಾತನ್ನು ನನ್ನ ಮುಖಕ್ಕೆ ಹಿಡಿದಾಗ ನನಗೆ ನಾಚಿಕೆಯಾಯಿತು. ಅವರು ಒಂದು ದಿನವೂ ಅದನ್ನು ಮರೆತಿರಲಿಲ್ಲ.

ಮೆಟ್ಟಿಲಿನ ತಿರುವಿನಲ್ಲಿ ಹನ್ನೆರಡು ಅಡಿಯ ದೋಣಿ ಹಿಡಿಯುವುದಿಲ್ಲ ಎಂಬುದು ಭಾನುವಾರ ಬೆಳಿಗ್ಗೆಯೇ ನಮಗೆ ಹೊಳೆದದ್ದು. ವಾಚ್‌ಮನ್ ಮತ್ತು ಇಬ್ಬರು ಪೇಂಟರುಗಳ ಸಹಾಯದಿಂದ ಹಗ್ಗ ಕಟ್ಟಿ ಹೊರಗಿನ ಗೋಡೆಯ ಗುಂಟ ಇಳಿಸಿದೆವು. ಮೂರನೇ ಮಹಡಿಯ ಅಜ್ಜಿ ಪೂಜೆ ಮಾಡುತ್ತಿದ್ದವರು ಕಿಟಕಿಯ ಹೊರಗೆ ದೋಣಿ ಹೋಗುವುದನ್ನು ಕಂಡು ಕೈ ಮುಗಿದರಂತೆ.

ಇನ್ನು ಕಾರಿನ ಸಂಗತಿ. ನನ್ನದು ಹಳೆಯ ಸಣ್ಣ ಕಾರು, ತಲೆಯ ಮೇಲೆ ಕ್ಯಾರಿಯರ್ ಇಲ್ಲ. ಎರಡು ಹಳೆ ಹಾಸಿಗೆ ಮಡಚಿ ಮೇಲೆ ಹಾಕಿದೆವು. ಹಿಂದಿನ ರಾತ್ರಿ ನಾನು ಫೋನಿನಲ್ಲಿ ನಾಲ್ಕು ವಿಡಿಯೋ ನೋಡಿದ್ದೆ. ಜಗತ್ತಿನಲ್ಲಿ ಯಾರೇ ಕಾರಿನ ಮೇಲೆ ದೋಣಿ ಒಯ್ದರೂ ಮಗುಚಿ ಹಾಕುತ್ತಾರೆ.

"ಮಗುಚಿದ್ರೆ ಗಾಳಿ ಹಿಡಿಯುದಿಲ್ಲ," ಎಂದರು ಅಮ್ಮ, ಪೂಜೆಯ ತಟ್ಟೆ ಹಿಡಿದು ನಿಂತವರು.

"ನೀರು ಕಾಣದೆ ಮಗುಚುದಿಲ್ಲ," ಎಂದರು ಅಪ್ಪ.

ದೋಣಿ ಬಾಯಿ ತೆರೆದುಕೊಂಡೇ ಕಾರಿನ ಮೇಲೆ ಕೂತಿತು. ಅಮ್ಮ ಅದನ್ನು ಒಮ್ಮೆ ಸುತ್ತಿ ಬಂದು, "ಮೂತಿ ಹಿಂದಾಯ್ತಲ್ಲ," ಎಂದರು ಮೆಲ್ಲಗೆ. ಎರಡೂ ತುದಿ ಚೂಪಿರುವ ದೋಣಿಯಲ್ಲಿ ಮೂತಿ ಯಾವುದೆಂದು ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ. "ಸುಮ್ಮನೆ ಹೇಳಿದೆ ಮಾರಾಯ," ಎಂದು ಹಿಂದಿನ ತುದಿಗೆ ಹೊಸದೊಂದು ಕೆಂಪು ರವಿಕೆ ಕಣ ಕಟ್ಟಿದರು. ಹೊರಗೆ ಚಾಚಿದ ಸಾಮಾನಿಗೆ ಕೆಂಪು ಬಟ್ಟೆ ಕಟ್ಟಬೇಕೆಂಬ ನಿಯಮ ಅವರಿಗೆ ಗೊತ್ತಿತ್ತೋ, ಹೊಸ ದೋಣಿಗೆ ಮರ್ಯಾದೆಯೆಂದು ಕಟ್ಟಿದರೋ, ದೇವರೇ ಬಲ್ಲ.

ಹಗ್ಗವನ್ನು ಒಂದು ಕಿಟಕಿಯಿಂದ ಒಳಗೆ ತಂದು ಇನ್ನೊಂದು ಕಿಟಕಿಯಿಂದ ಹೊರಗೆ ತೆಗೆದು ದೋಣಿಯ ಮೇಲೆ ಸುತ್ತಬೇಕಿತ್ತು. ಒಳಗಿನಿಂದ ದಾಟಿಸಿ ಕೊಡಲು ಅಪ್ಪ ಹಿಂದಿನ ಸೀಟಿನಲ್ಲಿ, ಅಮ್ಮ ಮುಂದಿನ ಸೀಟಿನಲ್ಲಿ ಕುಳಿತರು. ನಾನು ಹೊರಗೆ ನಿಂತು ಎಳೆದೆ. ನಾಲ್ಕು ಕಿಟಕಿ, ಆರು ಸುತ್ತು, ಬಿಗಿ ಗಂಟು. ಹಿಂದಿನ ತುದಿಯನ್ನು ಬಂಪರಿನ ಕೊಕ್ಕೆಗೆ ಎಳೆದು ಕಟ್ಟಿದೆ. ಅಮ್ಮ ಕಿಟಕಿಯಿಂದ ಕೈ ಚಾಚಿ ಗಂಟಿಗೆ ಅರಿಶಿನದ ದಾರ ಸುತ್ತಿ, ತೆಂಗಿನಕಾಯಿ ನನ್ನ ಕೈಗಿತ್ತರು. ಮುಂದಿನ ಚಕ್ರದ ಬಳಿ ಒಂದೇ ಏಟಿಗೆ ಒಡೆದೆ. ಆಮೇಲೆ ಡ್ರೈವರ್ ಬಾಗಿಲಿನ ಹಿಡಿಕೆ ಎಳೆದೆ.

ಬಾಗಿಲು ಬರಲಿಲ್ಲ. ನಾಲ್ಕೂ ಬಾಗಿಲುಗಳನ್ನು ಹಗ್ಗದಿಂದ ಕಾರಿಗೆ ಬಿಗಿದಿದ್ದೆ. ಹಿಂದಿನ ಹಗ್ಗ ಅಡ್ಡವಾಗಿ ಡಿಕ್ಕಿಯೂ ಏಳುತ್ತಿರಲಿಲ್ಲ. ಅಪ್ಪ ಅಮ್ಮ ಒಳಗೆ ಡಬ್ಬಿಯೊಳಗಿನ ಲಾಡುಗಳಂತೆ ಕೂತು ನನ್ನನ್ನು ನೋಡುತ್ತಿದ್ದರು.

"ಬಿಚ್ಚಿ ಮತ್ತೆ ಕಟ್ತೇನೆ," ಎಂದೆ.

"ಕಾಯಿ ಒಡೆದಾಯ್ತಲ್ಲ," ಎಂದರು ಅಪ್ಪ.

"ಅರಿಶಿನ ದಾರವೂ ಕಟ್ಟಿ ಆಯ್ತು. ಇನ್ನು ನೀರು ಮುಟ್ಟುವವರೆಗೆ ಬಿಚ್ಚುವ ಹಾಗಿಲ್ಲ," ಎಂದರು ಅಮ್ಮ. ಐವತ್ತು ವರ್ಷದ ಸಂಸಾರದಲ್ಲಿ ಅವರಿಬ್ಬರೂ ಒಂದೇ ಮಾತಿನ ಮೇಲೆ ನಿಂತ ಸಂದರ್ಭಗಳು ಬೆರಳೆಣಿಕೆಯಷ್ಟು, ಅವೆಲ್ಲ ನನ್ನ ವಿರುದ್ಧವೇ ಇದ್ದವು.

ನನ್ನ ಸುತ್ತಳತೆಯನ್ನು ಇಲ್ಲಿ ಬರೆಯುವುದಿಲ್ಲ. ತಲೆ, ಭುಜ, ಹೊಟ್ಟೆಯ ಅರ್ಧ ಭಾಗ ಹಗ್ಗದ ಕೆಳಗೆ ನುಸುಳಿ ಕಿಟಕಿಯೊಳಗೆ ಹೋದವು. ಉಳಿದದ್ದನ್ನು ವಾಚ್‌ಮನ್ ಹೊರಗಿನಿಂದ ತಳ್ಳಿದ. ಅಮ್ಮ ಒಳಗಿನಿಂದ ನನ್ನ ಕಿವಿ ಹಿಡಿದು ಎಳೆದರು, ಅವರಿಗೆ ಸಿಕ್ಕಿದ್ದು ಅದೇ. ಬಾಲ್ಕನಿಗಳಲ್ಲಿ ನಿಂತಿದ್ದ ಜನ ಚಪ್ಪಾಳೆ ತಟ್ಟಿದರು. ಹಾಳಾಗಿ ಹೋಗಲಿ ಎಂದು ಕಾರು ಶುರು ಮಾಡಿದೆ.

ಕುರ್ಲಾ ದಾಟುವಾಗ ಮಳೆ ಬಂತು. ಮಳೆಗಾಲ ಮುಗಿಯಿತೆಂದು ಕೊಡೆಗಳನ್ನು ಅಟ್ಟಕ್ಕೆ ಹಾಕಿದ ಮೇಲೆ ಮುಂಬಯಿಯಲ್ಲಿ ಒಮ್ಮೆ ಹೊಡೆಯುತ್ತದಲ್ಲ, ಅಂಥ ಮಳೆ. ಗಾಜು ಏರಿಸಲು ಹೋದರೆ ಹಗ್ಗಕ್ಕೆ ತಾಗಿ ನಿಂತಿತು. ಮೂವರೂ ಒಂದೊಂದು ಭುಜ ನೆನೆಸಿಕೊಂಡು ಕೂತೆವು. ಸ್ವಲ್ಪ ದೂರ ಹೋದ ಮೇಲೆ ಕಾರು ಭಾರವಾಗಿ ಎಳೆಯತೊಡಗಿತು. ಸಿಗ್ನಲ್ಲಿನಲ್ಲಿ ಬ್ರೇಕ್ ಹಾಕಿದೆ. ತಲೆಯ ಮೇಲೆ ಏನೋ ಗುಳುಗುಳು ಎಂದು ಮುಂದಕ್ಕೆ ಓಡಿ, ಗಾಜಿನ ಮೇಲೆ ಎರಡು ಬಕೆಟ್ ನೀರು ಒಮ್ಮೆಲೇ ಸುರಿಯಿತು.

ಆಗ ನನಗೆ ಅರ್ಥವಾಯಿತು. ನಾವು ಅಂಧೇರಿ ಕುರ್ಲಾ ರಸ್ತೆಯಲ್ಲಿ ತಲೆಯ ಮೇಲೆ ಒಂದು ಸ್ನಾನದ ತೊಟ್ಟಿ ಹೊತ್ತು ಹೋಗುತ್ತಿದ್ದೆವು.

"ಅದಕ್ಕೇ ಮಗುಚಿ ಹಾಕುದು," ಎಂದು ಅಮ್ಮ ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು.

ನನ್ನ ಮಂಡೆ ಬಿಸಿಯಾಗಿತ್ತು, ಬಾಯಿಗೆ ಬಂದದ್ದನ್ನು ಹೇಳುವವನಿದ್ದೆ. ಅಷ್ಟರಲ್ಲಿ ಹಿಂದಿನಿಂದ ಚಳ್ ಎಂದು ಸದ್ದಾಯಿತು. ಕನ್ನಡಿಯಲ್ಲಿ ನೋಡಿದೆ. ಅಪ್ಪ ಒಂದು ಭುಜವನ್ನು ಪೂರ್ತಿ ಕಿಟಕಿಯ ಹೊರಗೆ ಹಾಕಿ, ಕುಡಿಯುವ ನೀರಿಗೆಂದು ತಂದಿದ್ದ ಸ್ಟೀಲ್ ಚೊಂಬನ್ನು ಮೇಲಕ್ಕೆತ್ತಿ, ಕಣ್ಣಿಗೆ ಕಾಣದ ದೋಣಿಯೊಳಗಿಂದ ನೀರು ಮೊಗೆದು ರಸ್ತೆಗೆ ಚೆಲ್ಲುತ್ತಿದ್ದರು. ಒಂದು ಚೊಂಬು ಚೆಲ್ಲಿ ಮುಗಿಯುವಷ್ಟರಲ್ಲಿ ಕೈ ಮತ್ತೆ ಮೇಲೆ ಇರುತ್ತಿತ್ತು. ಚೊಂಬು ಒಮ್ಮೆಯೂ ದೋಣಿಯ ಅಂಚಿಗೆ ತಾಗಲಿಲ್ಲ. ಈ ವಯಸ್ಸಿನಲ್ಲಿ, ಚಲಿಸುವ ಕಾರಿನಿಂದ, ನೋಡದೆ. ಹೋಟೆಲಿನಲ್ಲಿ ಚಟ್ನಿ ಬಡಿಸಿದ ಕೈಯ ಅಭ್ಯಾಸವಿರಬೇಕು ಎಂದುಕೊಂಡೆ.

ಮುಂದಿನ ಸಿಗ್ನಲ್ಲಿನಲ್ಲಿ ಒಂದು ಚೊಂಬು ನೇರ ಟ್ರಾಫಿಕ್ ಪೊಲೀಸನ ಎದೆಯ ಮೇಲೆ ಬಿತ್ತು.

ಅವನು ರೇನ್‌ಕೋಟ್ ತೊಟ್ಟಿದ್ದರಿಂದ ನೆನೆಯಲಿಲ್ಲ, ಅವಮಾನ ಮಾತ್ರ ಆಯಿತು. "ಖಾಲೀ ಉತರಾ," ಇಳಿಯಿರಿ ಎಂದ. ಇಳಿಯಲು ಆಗುವುದಿಲ್ಲ ಎಂದು ಹಿಂದಿಯಲ್ಲಿ ಹೇಳಿದೆ. ಅವನು ತಾನೇ ಬಾಗಿಲು ಎಳೆದ. ಹಿಂದಿನ ಬಾಗಿಲು ಎಳೆದ. ಡಿಕ್ಕಿ ಎಳೆದ. ಒಂದು ಸುತ್ತು ಬಂದು, ಬಗ್ಗಿ, ಒಳಗಿದ್ದ ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದ.

"ಆಪ್ ಲೋಗ್ ಅಂದರ್ ಕೈಸೇ ಗಯೇ?"

ಒಳಗೆ ಹೋದದ್ದು ಹೇಗೆ ಎಂದು ಕೇಳಿದ್ದಕ್ಕೆ ಕಿಟಕಿಯನ್ನು ತೋರಿಸಿದೆ. ಅವನು ತುದಿಗಾಲಲ್ಲಿ ನಿಂತು ದೋಣಿಯೊಳಗೆ ಇಣುಕಿ, ಅಲ್ಲಿನ ನೀರನ್ನು ಕಂಡು, ಮತ್ತಷ್ಟು ಚಿಂತೆಗೆ ಬಿದ್ದ. ಹಿಂದಕ್ಕೆ ಹೋಗಿ ಲಾಲ್ ಕಪಡಾ, ಕೆಂಪು ಬಟ್ಟೆ, ಇದೆಯೇ ನೋಡಿದ. ಅಮ್ಮನ ರವಿಕೆ ಕಣ ಮಳೆಗೆ ಒದ್ದೆಯಾಗಿ ಇನ್ನಷ್ಟು ಕೆಂಪಾಗಿ ನೇತಾಡುತ್ತಿತ್ತು. ಅವನಿಗೆ ಗೊತ್ತಿದ್ದ ನಿಯಮ ಅದೊಂದೇ ಇರಬೇಕು, ಅದನ್ನು ನಾವು ಪಾಲಿಸಿದ್ದೆವು. ನಮ್ಮ ಹಿಂದೆ ಹಾರ್ನ್‌ಗಳ ಗಲಾಟೆ ಏರುತ್ತಿತ್ತು. "ಜಾವಾ, ಜಾವಾ," ಹೋಗಿ ಹೋಗಿ ಎಂದು ಕೈ ಬೀಸಿದ. ನಾನು ಗೇರ್ ಹಾಕುವಾಗ ಅಪ್ಪ ಕಿಟಕಿಯಿಂದ, "ಸಾರಿ, ಸಾಹೇಬ್," ಎಂದು ಇನ್ನೊಂದು ಚೊಂಬು ಬಲು ಜಾಗ್ರತೆಯಿಂದ ಅವನ ಬೂಟಿನ ಪಕ್ಕಕ್ಕೆ ಚೆಲ್ಲಿದರು.

ಅಂಧೇರಿ ದಾಟುವಾಗ ಮಳೆ ನಿಂತಿತು. ಆದರೆ ಮುಂದಿನ ಗಾಜಿನ ಮೇಲೆ ನೀರಿನ ಸಣ್ಣ ಎಳೆಯೊಂದು ಇಳಿಯುತ್ತಲೇ ಇತ್ತು. ವೈಪರ್ ಒರೆಸಿದರೆ ಮತ್ತೆ ಇಳಿಯುತ್ತಿತ್ತು.

"ಅಪ್ಪ, ದೋಣಿ ಸೋರ್ತಾ ಉಂಟು."

"ಸೋರಲಿ. ಮಳೆ ನೀರು ಹೊರಗೆ ಹೋಗುದು ಒಳ್ಳೆಯದೇ ಅಲ್ವಾ."

"ಹೊರಗೆ ಹೋದ ದಾರಿಯಲ್ಲೇ ಒಳಗೂ ಬರ್ತದಲ್ಲ ಅಪ್ಪ."

ಕನ್ನಡಿಯಲ್ಲಿ ಅವರ ಮುಖ ಕಂಡಿತು. ಹುಟ್ಟುಹಬ್ಬದ ದಿನ ಕೇಕಿನ ತಟ್ಟೆ ಕೆಳಗಿಟ್ಟಾಗ ಇದ್ದ ಮುಖವೇ ಅದು. ವಾಪಸು ಹೋಗೋಣ ಅಪ್ಪ, ಸರಿಮಾಡಿಸಿ ಇನ್ನೊಮ್ಮೆ ಬರೋಣ ಎಂದೆ. "ಸೀದಾ ಹೋಗು," ಎಂದರು.

ಕೋಳಿವಾಡದ ದಡದಲ್ಲಿ ಬಲೆ ಹೊಲಿಯುತ್ತಿದ್ದ ಬೆಸ್ತರವನೊಬ್ಬ ಎದ್ದು ಬಂದ. ಕಾರಿನಲ್ಲಿ ಕಟ್ಟಿಹಾಕಲಾದ ಒಂದು ಸಂಸಾರವನ್ನು ಬಿಡಿಸುವುದು ಅವನಿಗೆ ದಿನದ ಕೆಲಸವೇನೋ ಎಂಬಂತೆ ಏನೂ ಕೇಳಲಿಲ್ಲ. ಚಕ್ರಕ್ಕೆ ಅಲೆ ತಾಗುವಂತೆ ಕಾರು ನಿಲ್ಲಿಸಿದೆ, ನೀರು ಮುಟ್ಟಿದಂತಾಯಿತು ಎಂದು ಅಮ್ಮ ಒಪ್ಪಿದರು. ಒದ್ದೆಯಾಗಿ ಕಲ್ಲಾಗಿದ್ದ ನನ್ನ ಗಂಟುಗಳನ್ನು ಅವನು ಸೊಂಟದ ಚೂರಿಯಿಂದ ಎರಡೇ ಏಟಿಗೆ ಕತ್ತರಿಸಿದ. ದೋಣಿಯನ್ನು ಇಳಿಸಿ, ತಳಕ್ಕೆ ಬೆರಳಿನಿಂದ ತಟ್ಟಿ ನೋಡಿ, ತಲೆಯಾಡಿಸಿ, ತನ್ನ ಉದ್ದನೆಯ ಹಗ್ಗವನ್ನು ಅದರ ಒಂದು ತುದಿಗೆ ಕಟ್ಟಿ ಹಗ್ಗದ ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದುಕೊಂಡ. ಮುಳುಗಿದರೆ ಎಳೆದುಕೊಳ್ಳಲು. ಆ ಹೊತ್ತಿಗೆ ಖಾಡಿಯಲ್ಲಿ ಸೆಳೆತವಿರಲಿಲ್ಲ, ಆಚೆ ದಡ ಕೂಗಿದರೆ ಕೇಳುವಷ್ಟೇ ದೂರ.

ಅಪ್ಪ ಪಂಚೆ ಎತ್ತಿಕಟ್ಟಿ ಹತ್ತಿದರು. ಅಮ್ಮ ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ, ಚೊಂಬನ್ನು ಕೈಯಲ್ಲೇ ಹಿಡಿದು ಎದುರು ಕೂತರು. ಬೆಸ್ತರವನು ತಳ್ಳಿದ. ದೋಣಿ ತೇಲಿತು. ನಿಜವಾಗಿ ತೇಲಿತು.

ಅಪ್ಪ ಹುಟ್ಟು ಹಾಕಿದರು. ದೋಣಿ ಎಡಕ್ಕೆ ತಿರುಗಿತು. ಇನ್ನೊಂದು ಬದಿಗೆ ಹಾಕಿದರು, ಬಲಕ್ಕೆ ತಿರುಗಿತು. ಮತ್ತೊಮ್ಮೆ ಹಾಕಿದಾಗ ಪೂರ್ತಿ ಒಂದು ಸುತ್ತು ಬಂದು ಮತ್ತೆ ನನ್ನೆದುರಿಗೇ ನಿಂತಿತು. ಅವರ ಕಾಲಿನ ಹತ್ತಿರ ನೀರು ಕಾಣತೊಡಗಿತ್ತು. ದಡದಲ್ಲಿ ಮೀನು ಒಣಹಾಕುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಅಪ್ಪ ಹುಟ್ಟನ್ನು ಮಡಿಲಿಗೆ ತಂದುಕೊಂಡರು. ನನ್ನತ್ತ ನೋಡಲಿಲ್ಲ. ದಡದಿಂದ ಹತ್ತು ಮಾರು ದೂರವಿರಲಿಲ್ಲ, ಅವರು ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ನಾನು ಹುಟ್ಟು ಹಿಡಿದವನಲ್ಲ. ನಡೆಸಿದ್ದು ಅಣ್ಣ. ನಾನು ನೀರು ಮೊಗೆಯುವವ."

ಅಮ್ಮನ ಮುಖದಲ್ಲಿ ಒಂದು ಗೆರೆಯೂ ಆಚೀಚೆ ಆಗಲಿಲ್ಲ. "ಗೊತ್ತುಂಟು," ಎಂದರು. ಚೊಂಬನ್ನು ಅವರ ಕೈಗೆ ಕೊಟ್ಟು ಹುಟ್ಟನ್ನು ತಾವು ತೆಗೆದುಕೊಂಡರು. ಕೂತಲ್ಲಿಯೇ ಮೆಲ್ಲಗೆ ತಿರುಗಿ, ಆಚೆ ದಡವನ್ನೊಮ್ಮೆ ಕಣ್ಣಳತೆ ಮಾಡಿ, ಹುಟ್ಟು ಹಾಕಿದರು. ದೋಣಿ ಎಳೆದ ಗೆರೆಯಂತೆ ನೇರ ಹೋಯಿತು. ಅಪ್ಪ ಹಿಂದೆ ಕೂತು ಮೊಗೆದರು. ಅಮ್ಮ ಹುಟ್ಟು ಹಾಕಿದಾಗ ಅಪ್ಪನ ಚೊಂಬು ಏಳುತ್ತಿತ್ತು, ಅವರು ಎತ್ತಿದಾಗ ಇವರದು ಚೆಲ್ಲುತ್ತಿತ್ತು. ಬೆಸ್ತರವನು ಸ್ವಲ್ಪ ಹೊತ್ತು ನೋಡಿ, ಹಗ್ಗ ಸಾಲದಾದಾಗ ಅದನ್ನು ಕೈಬಿಟ್ಟುಬಿಟ್ಟ. "ಮಾಯೀಲಾ ಯೇತೇ," ಅಜ್ಜಿಗೆ ಬರುತ್ತದೆ ಎಂದು ಹೋಗಿ ಮತ್ತೆ ಬಲೆಯ ಮುಂದೆ ಕೂತ.

ಅಮ್ಮನ ತವರು ಹೊಳೆಯ ನಡುವಿನ ಒಂದು ಕುದ್ರು. ಸುತ್ತ ನೀರು, ಮಧ್ಯೆ ಹತ್ತಿಪ್ಪತ್ತು ಮನೆ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತಿತ್ತು. ಅಲ್ಲಿಯ ಹುಡುಗಿ ದಿನಾ ಶಾಲೆಗೆ ಹೇಗೆ ಹೋಗುತ್ತಿದ್ದಳು ಎಂದು ನಾನು ಒಂದು ದಿನವೂ ಕೇಳಿರಲಿಲ್ಲ.

ಅವರು ಆಚೆ ದಡ ಮುಟ್ಟಿ ವಾಪಸು ಬಂದರು. ಅಮ್ಮ ಇಳಿಯುವಾಗ ಕೈ ಹಿಡಿದುಕೊಂಡು, ನಿಮಗೆ ಯಾವಾಗಿನಿಂದ ಗೊತ್ತು ಎಂದು ಕೇಳಿದೆ.

"ಮದುವೆಯ ದಿನವೇ. ದಿಬ್ಬಣ ಹೊಳೆ ದಾಟುವಾಗ ಇವರು ಮದುಮಗನ ಪೇಟ ಕಟ್ಟಿಕೊಂಡು ದೋಣಿಯ ಬುಡವನ್ನೇ ನೋಡ್ತಾ ಕೂತಿದ್ರು, ನೀರು ಬಂತಾ ಅಂತ. ಹುಟ್ಟು ಹಿಡಿದವರು ಮುಂದೆ ನೋಡ್ತಾರೆ ಮಾರಾಯ."

"ಮತ್ತೆ ಇಷ್ಟು ವರ್ಷ ಆ ಕತೆ ಕೇಳಿಕೊಂಡು ಕೂತ್ರಲ್ಲ?"

"ಚಂದ ಹೇಳ್ತಿದ್ರಲ್ಲ," ಎಂದರು ಅಮ್ಮ, ಸೀರೆ ಹಿಂಡುತ್ತಾ.

ವಾಪಸು ಹೊರಡುವಾಗ ಅಪ್ಪನೇ, "ಈಗ ಮಗುಚು, ನೀರು ಕಂಡಾಯ್ತು," ಎಂದರು. ದೋಣಿ ಕವುಚಿಕೊಂಡು ಹಾಸಿಗೆಯ ಮೇಲೆ ಕೂತಿತು. ಈ ಸಲ ಬಾಗಿಲುಗಳನ್ನು ತೆರೆದಿಟ್ಟು, ಹಗ್ಗವನ್ನು ಬಾಗಿಲ ಚೌಕಟ್ಟಿನೊಳಗಿಂದ ಹಾಯಿಸಿ ಕಟ್ಟಿದೆವು, ಮುಂದಕ್ಕೊಂದು ಹಿಂದಕ್ಕೊಂದು ಬಿಗಿದೆವು. ಚೆಂಬೂರಿನವರೆಗೆ ಅದು ಒಂದು ಬೆರಳಿನಷ್ಟೂ ಅಲ್ಲಾಡಲಿಲ್ಲ. ಒಯ್ಯುವುದು ಇಷ್ಟು ಸುಲಭದ ಕೆಲಸ.

ಬಿಲ್ಡಿಂಗಿನ ಗೇಟಿನಲ್ಲೇ ಸೆಕ್ರೆಟರಿ ನಿಂತಿದ್ದರು. ಹಿಂದೆ ಇಬ್ಬರು ಮೂವರು ಸದಸ್ಯರೂ ಇದ್ದರು, ಬೆಳಗಿನ ಚಪ್ಪಾಳೆಯವರೇ. "ಕ್ಯಾ ಅಂಕಲ್, ನಾವ್ ಚಲಾಯಾ?" ದೋಣಿ ನಡೆಸಿದಿರಾ ಎಂದು ಸೆಕ್ರೆಟರಿ ನಗುತ್ತಾ ಕೇಳಿದರು.

ಅಪ್ಪನ ಪರವಾಗಿ ನಾನೇ ಹೌದು ಎನ್ನುವವನಿದ್ದೆ. ಆ ಸುಳ್ಳು ನನ್ನ ನಾಲಗೆಯ ತುದಿಯಲ್ಲಿ ತಯಾರಾಗಿತ್ತು. ಅಪ್ಪ ಕಾರಿನಿಂದಿಳಿದು, ಒದ್ದೆ ಪಂಚೆ ಸರಿಮಾಡಿಕೊಂಡು, ಚೊಂಬನ್ನು ಎತ್ತಿ ತೋರಿಸಿ, ತಮ್ಮ ಹೋಟೆಲ್ ಹಿಂದಿಯಲ್ಲಿ ಹೇಳಿದರು: "ಹಮ್ ನಹೀಂ. ಇಸನೇ ಚಲಾಯಾ. ಹಮ್ ಪಾನೀ ನಿಕಾಲಾ." ನಡೆಸಿದ್ದು ಇವಳು, ನೀರು ತೆಗೆದದ್ದು ನಾನು ಎನ್ನುವಾಗ ಬೆರಳು ಅಮ್ಮನ ಕಡೆಗಿತ್ತು.

ಎಲ್ಲರೂ ಜೋರಾಗಿ ನಕ್ಕರು. ಸೆಕ್ರೆಟರಿಯ ಕಣ್ಣಲ್ಲಿ ನೀರು ಬಂತು. "ಆಂಟೀನೇ? ಕ್ಯಾ ಅಂಕಲ್ ಆಪ್ ಭೀ. ಕಿಸನೇ ದೇಖಾ?"

ಯಾರು ನೋಡಿದ್ದಾರೆ. ಅಪ್ಪ ಚೊಂಬು ಹಿಡಿದ ಕೈಯನ್ನು ಕೆಳಗಿಳಿಸಿದರು. ಅಮ್ಮ ಆಗಲೇ ಲಿಫ್ಟಿನ ಕಡೆಗೆ ತಿರುಗಿದ್ದರು.

"ಮೈನೇ ದೇಖಾ," ಎಂದೆ. ಜೋರಾಗಿಯೇ ಹೇಳಿದೆ, ನಗು ನಿಂತಿತು. ಆಮೇಲೆ ಅಪ್ಪನ ಕಡೆಗೆ ತಿರುಗಿ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದೆ. "ನಾನು ನೋಡಿದ್ದೇನೆ ಅಪ್ಪ. ಇಬ್ಬರನ್ನೂ."